ಬೆಳಕಿಗಿಂತ ಜೋರಾಗಿ ಹೋಗೋ ಹಡಗಿನ ಸುರಂಗ, ಗ್ರಾಫಿಕ್ಸ್ ಇಲ್ದೆ: ನನ್ನ ಅನುಭವ

ಶಾಟ್ ಕೊನೆಗೂ ಬಂತು. 6 ಸೆಕೆಂಡು, ಸೆಕೆಂಡಿಗೆ 24 ಫ್ರೇಮು, ಪೂರ್ತಿ ಕ್ಯಾಮೆರಾ ಒಳಗೇ ಆಗಿರೋ ಹೈಪರ್‌ಸ್ಪೇಸ್ ಸುರಂಗ. ನಮ್ಮ ಶಾರ್ಟ್ ಫಿಲ್ಮಲ್ಲಿ ಹಡಗು ಇಲ್ಲಿಂದ ಪ್ರಾಕ್ಸಿಮಾ ಸೆಂಟಾರಿ ಅನ್ನೋ ನಕ್ಷತ್ರಕ್ಕೆ, ಅಂದ್ರೆ 4.2 ಜ್ಯೋತಿರ್ವರ್ಷ ದೂರಕ್ಕೆ, ಹಾರೋ ಜಾಗ ಅದು. ಸ್ಲಿಟ್‌ಸ್ಕ್ಯಾನ್ ಅನ್ನೋ ಹಳೇ ಕ್ಯಾಮೆರಾ ಟ್ರಿಕ್ ಮಾಡ್ತೀನಿ ಅಂದಾಗ ಟೀಮಲ್ಲಿ ಒಬ್ರೂ ಹೂಂ ಅನ್ಲಿಲ್ಲ. "ಸಾಫ್ಟ್‌ವೇರ್ ಪ್ಲಗಿನ್ ಹಾಕಿದ್ರೆ ಅರ್ಧ ಗಂಟೆ ಕೆಲ್ಸ ಗುರು, 1968ರ ಟೆಕ್ನಿಕ್ ಹಿಡ್ಕೊಂಡು ಯಾಕೆ ಒದ್ದಾಡ್ತೀಯ" ಅಂದ ಎಡಿಟರ್. ಅದೇ ಎಡಿಟರ್ ಈಗ ನಾನು ಕಟ್ಟಿದ ರಿಗ್ (ಇಡೀ ಶೂಟಿಂಗ್ ಸೆಟಪ್ಪು) ಯಾವಾಗ ಫ್ರೀ ಇರತ್ತೆ ಅಂತ ಕೇಳ್ತಿದಾನೆ.

ಸ್ಲಿಟ್‌ಸ್ಕ್ಯಾನ್ ಅಂದ್ರೆ ಇಷ್ಟೇ: ಹಿಂದಿಂದ ಬೆಳಕು ಬಿಟ್ಟ ಚಿತ್ರದ ಮುಂದೆ ಸಣ್ಣ ಸೀಳು (ಸ್ಲಿಟ್) ಇರೋ ಕಪ್ಪು ಹಾಳೆ ಇಟ್ಟು, ಶಟರ್ ತೆರೆದೇ ಇಟ್ಕೊಂಡು (ಇದೇ ಒಂದು ಎಕ್ಸ್‌ಪೋಶರ್) ಕತ್ತಲಲ್ಲಿ ಕ್ಯಾಮೆರಾನ ಅದರ ಕಡೆ ಓಡಿಸೋದು, ಸೀಳಿನ ಬೆಳಕು ಫ್ರೇಮಲ್ಲಿ ಎಳ್ಕೊಂಡು ಗೋಡೆ ಥರ ಕಾಣತ್ತೆ. 1968ರ ಸಿನಿಮಾ '2001: ಎ ಸ್ಪೇಸ್ ಒಡಿಸ್ಸಿ'ಗೆ ಸ್ಪೆಷಲ್ ಎಫೆಕ್ಟ್ಸ್‌ನ ಡಗ್ಲಸ್ ಟ್ರಂಬುಲ್ ಮಾಡಿದ್ದು ಇದನ್ನೇ, ಆದ್ರೆ ಅದು ಎರಡು ಗೋಡೆ ಇರೋ ಕಾರಿಡಾರು. ನನಗೆ ಬೇಕಾಗಿದ್ದು ದುಂಡಗಿನ ಸುರಂಗ. ಯಾಕಂದ್ರೆ ನಮ್ಮ ಕಥೆಯ ಎಂಜಿನ್ನು 1994ರಲ್ಲಿ ಭೌತವಿಜ್ಞಾನಿ ಮಿಗೆಲ್ ಆಲ್ಕುಬಿಯೆರೆ ಬರೆದ ಪೇಪರಿನ ಥರದ್ದು, ಹಡಗು ತಾನು ಓಡಲ್ಲ, ಮುಂದಿನ ಜಾಗ ಕುಗ್ಗತ್ತೆ ಹಿಂದಿನದು ಹಿಗ್ಗತ್ತೆ, ಮಧ್ಯದ ಗುಳ್ಳೆ ಒಳಗೆ ಹಡಗು ಸುಮ್ಮನೆ ಕೂತಿರತ್ತೆ. ಹಾಗಾಗಿ ನಕ್ಷತ್ರ ಎಳ್ಕೊಂಡು ಗೆರೆ ಆಗೋದು ನನಗೆ ಬೇಡವಾಗಿತ್ತು, ಸುತ್ತ ಇರೋ ಜಾಗಾನೇ ಹರೀತಿರೋ ಹಾಗೆ ಕಾಣ್ಬೇಕಿತ್ತು.

ದುಂಡಗಿನ ಸ್ಲಿಟ್ ಕೊಯ್ಯೋದೇ ಮೊದಲ ತಲೆನೋವು. ಕಪ್ಪು ಕಾರ್ಡ್‌ಬೋರ್ಡಲ್ಲಿ ಉಂಗುರ ಕೊಯ್ದ್ರೆ ಮಧ್ಯದ ಬಿಲ್ಲೆ ಬಿದ್ದೋಗತ್ತೆ, ದಾರ ಕಟ್ಟಿ ನಿಲ್ಲಿಸಿದ್ರೆ ಆ ದಾರದ ನೆರಳು ಸುರಂಗದ ಉದ್ದಕ್ಕೂ ಕಪ್ಪು ಗೆರೆ ಆಗಿ ಬರತ್ತೆ. ಕೊನೆಗೆ ಬೆಂಗಳೂರಿನ ಜೆ.ಸಿ. ರೋಡಲ್ಲಿ ನಂಬರ್ ಪ್ಲೇಟಿಗೆ ರೇಡಿಯಂ ಕಟಿಂಗ್ ಮಾಡೋ ಅಂಗಡೀಲಿ ಕಪ್ಪು ವಿನೈಲ್ ಸ್ಟಿಕ್ಕರ್ ಶೀಟ್ ಕೊಟ್ಟು ಪ್ಲಾಟರ್ ಅನ್ನೋ ಕಟಿಂಗ್ ಮಶೀನಲ್ಲಿ ಉಂಗುರ ಕಟ್ ಮಾಡಿಸಿ ಪಾರದರ್ಶಕ ಅಕ್ರಿಲಿಕ್ ಶೀಟಿಗೆ ಅಂಟಿಸಿದೆ. ಒಂದೂವರೆ ಎಂಎಂ ಅಗಲ, ಅಂಚು ಬ್ಲೇಡಲ್ಲಿ ಯಾವ ಜನ್ಮಕ್ಕೂ ಬರದಷ್ಟು ನೀಟು. ಅಕ್ರಿಲಿಕ್ಕು ಕಟಿಂಗು ಎಲ್ಲ ಸೇರಿ ಏಳುನೂರು ಚಿಲ್ಲರೆ ಆಯ್ತು. ಒಂದು ವಿಷಯ ನೆನಪಿಟ್ಕೊಳಿ, ಸ್ಲಿಟ್ ಮೇಲೆ ಒಂದೇ ಒಂದು ಧೂಳಿನ ಕಣ ಕೂತ್ರೂ ಅದು ಮಧ್ಯದಿಂದ ಅಂಚಿನವರೆಗೆ ನೇರ ಕಪ್ಪು ಕಡ್ಡಿ ಆಗತ್ತೆ, ಅದೂ ಎಲ್ಲಾ ಫ್ರೇಮಲ್ಲೂ ಅದೇ ಜಾಗದಲ್ಲಿ, ಸುರಂಗ ಹರೀತಿದ್ರೂ ಕಡ್ಡಿ ಮಾತ್ರ ನಿಂತಿರತ್ತೆ. ಪ್ರತಿ ಟೇಕಿಗೂ ಮುಂಚೆ ಬ್ಲೋಯರ್ ಹೊಡೀಲೇಬೇಕು. ಬಟ್ಟೇಲಿ ಒರೆಸ್ಬೇಡಿ, ಅಕ್ರಿಲಿಕ್ಕು ಸ್ಟಾಟಿಕ್ ಹಿಡಿದು ಇನ್ನಷ್ಟು ಧೂಳು ಎಳೀತದೆ.

ಆಮೇಲೆ ಮಧ್ಯದ ಕಪ್ಪು ತೂತು. ನನ್ನ ರೈಲಲ್ಲಿ (ಕ್ಯಾಮೆರಾ ಸರಿಯೋ ಹಳಿ) ಕ್ಯಾಮೆರಾ ಐದಡಿ ದೂರದಿಂದ ಒಂದಡಿಗೆ ಬರತ್ತೆ, 18 ಎಂಎಂ ಕಿಟ್ ಲೆನ್ಸು, ಉಂಗುರದ ಅಡ್ಡಳತೆ 15 ಇಂಚು. ಐದಡಿ ದೂರದಲ್ಲೂ ಉಂಗುರ ಚುಕ್ಕಿ ಆಗಲ್ಲ, ಫ್ರೇಮಿನ ಐದನೇ ಒಂದು ಭಾಗದಷ್ಟು ಅಗಲ ಇರತ್ತೆ, ಅದರ ಒಳಗಡೆ ಬರೀ ಕತ್ತಲು. ರೈಲು ಇನ್ನೂ ಉದ್ದ ಮಾಡು ಅಂದ್ರು, ಆದ್ರೆ ನನ್ನ ರೂಮು ಇರೋದೇ ಹತ್ತಡಿ. ಇಲ್ಲಿ ನಾನು ಮಾಡಿದ ಕೆಲ್ಸದ ಬಗ್ಗೆ ನನಗೆ ನಿಜಕ್ಕೂ ಹೆಮ್ಮೆ ಇದೆ. ಐದಡಿಯಿಂದ ಒಂದಡಿ ಅಂದ್ರೆ ಉಂಗುರ ಐದು ಪಟ್ಟು ದೊಡ್ಡದಾಗತ್ತೆ, ಹಾಗಾದ್ರೆ ಅದೇ ಶೀಟಲ್ಲಿ ಐದನೇ ಒಂದು ಭಾಗದ, ಅಂದ್ರೆ 3 ಇಂಚಿನ ಇನ್ನೊಂದು ಉಂಗುರ ಕಟ್ ಮಾಡಿದ್ರೆ ಚಿಕ್ಕದು ಎಲ್ಲಿ ಮುಗಿಸತ್ತೋ ಅಲ್ಲಿಂದ ದೊಡ್ಡದು ಶುರು ಮಾಡಿರತ್ತೆ. ಒಂದೇ ಎಕ್ಸ್‌ಪೋಶರಲ್ಲಿ ಎರಡೂ ಸೇರಿ ಸುರಂಗ ಹತ್ತತ್ರ ತುದಿವರೆಗೂ ತುಂಬ್ಕೊಳತ್ತೆ. ಇದನ್ನ ಬೇರೆ ಯಾರೂ ಮಾಡಿದ್ದು ನಾನು ನೋಡಿಲ್ಲ.

ಆದ್ರೆ ಅದೇ ಅಗಲದ ಚಿಕ್ಕ ಉಂಗುರ ಐದು ಪಟ್ಟು ಜಾಸ್ತಿ ಬೆಳಗತ್ತೆ, ಯಾಕಂದ್ರೆ ಸೆನ್ಸರ್ ಮೇಲೆ ಅದು ನಿಧಾನಕ್ಕೆ ಸರಿಯತ್ತೆ. ಸ್ಲಿಟ್ಟನ್ನ ಐದನೇ ಒಂದು ಭಾಗಕ್ಕೆ, ಅಂದ್ರೆ ಪಾಯಿಂಟ್ ಮೂರು ಎಂಎಂಗೆ, ಕಟ್ ಮಾಡಿಸೋಕೆ ಹೋದ್ರೆ ವಿನೈಲ್ ಹರಿಯತ್ತೆ. ಅದೇ ಸಾಲಿನ ಕಾರ್ ಅಂಗಡೀಲಿ 20 ಪರ್ಸೆಂಟ್ ಸನ್‌ಫಿಲ್ಮ್ ತುಂಡು ಸಿಕ್ತು, 20 ಪರ್ಸೆಂಟ್ ಬೆಳಕು ಬಿಡೋದು ಅಂದ್ರೆ ಐದನೇ ಒಂದೇ ತಾನೆ, ಚಿಕ್ಕ ಉಂಗುರದ ಹಿಂದೆ ಅಂಟಿಸಿದೆ, ಸರಿಹೋಯ್ತು. ತುಂಡಿಗೆ ದುಡ್ಡೂ ತಗೊಳ್ಲಿಲ್ಲ. ಎರಡು ಉಂಗುರ ಸೇರೋ ಕಡೆ ಸಣ್ಣ ಜೋಡಣೆ ಗೆರೆ ಕಾಣತ್ತೆ, ಅದನ್ನ ಮಾಯ ಮಾಡೋದು ಹೇಗೆ ಅನ್ನೋದು ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ.

ಈಗ ದುಡ್ಡು ತಿಂದ ಭಾಗ. ಮೊದಲು ಬೆಳಕಿಗೆ ಫಾಲ್ಸ್ ಸೀಲಿಂಗಿಗೆ ಹಾಕೋ ಎರಡಡಿ ಬೈ ಎರಡಡಿ ಎಲ್‌ಇಡಿ ಪ್ಯಾನೆಲ್ ತಂದೆ, ಸಾವಿರದ ನಾನೂರೋ ಐನೂರೋ ಕೊಟ್ಟಿದ್ದು. ಟೈಮ್ ಉಳಿಸೋಕೆ ಎಕ್ಸ್‌ಪೋಶರ್ ಎರಡೇ ಸೆಕೆಂಡ್ ಇಟ್ಟಿದ್ದೆ. ಫ್ರೇಮ್ ತೆಗೆದು ನೋಡಿದ್ರೆ ಅಂಚಿನ ಕಡೆ ಎಲ್ಲಾ ಮರದ ಕಾಂಡ ಕೊಯ್ದಾಗ ಕಾಣೋ ಬಳೆಗಳ ಥರ ಉಂಗುರ ಉಂಗುರ. ಕರೆಂಟು 50 ಹರ್ಟ್ಸ್, ಅಗ್ಗದ ಡ್ರೈವರು (ಎಲ್‌ಇಡಿಗೆ ಕರೆಂಟ್ ಕೊಡೋ ಸರ್ಕ್ಯೂಟು) ಸೆಕೆಂಡಿಗೆ ನೂರು ಸಲ ಮಿಣುಕತ್ತೆ, ಕಣ್ಣಿಗೆ ಗೊತ್ತಾಗಲ್ಲ, ಓಡೋ ಸ್ಲಿಟ್ಟು ಒಂದೊಂದನ್ನೂ ಬಿಡಿಸಿ ಬರೆಯತ್ತೆ. ಆ ಪ್ಯಾನೆಲ್ ಈಗ ನಮ್ಮನೆ ಅಡುಗೆಮನೇಲಿ ಉರೀತಿದೆ. ಅದರ ಬದಲು 12 ವೋಲ್ಟ್ ಎಲ್‌ಇಡಿ ಸ್ಟ್ರಿಪ್ಪು ಸಾಲಾಗಿ ಅಂಟಿಸಿ, ಡಿಮ್ಮರ್ ಇಲ್ದೆ, ನೇರ ಮನೆ ಯುಪಿಎಸ್ ಬ್ಯಾಟರಿಯಿಂದ ಕೊಟ್ಟೆ. ಬ್ಯಾಟರಿ ಮೇಲೆ ಮಿಣುಕೋ ಮಾತೇ ಇಲ್ಲ, ಶೂಟ್ ಮಧ್ಯೆ ಕರೆಂಟ್ ಹೋದ್ರೂ ಬೆಳಕಿಗೆ ಚಿಂತೆ ಇಲ್ಲ. ಎಕ್ಸ್‌ಪೋಶರ್ 6 ಸೆಕೆಂಡ್ ಮಾಡಿದೆ, ಲೆನ್ಸಿನ ತೂತು ಎಫ್/16, ಸೆನ್ಸರ್ ಸೂಕ್ಷ್ಮತೆ ಐಎಸ್‌ಒ 400. ಕ್ಯಾಮೆರಾದಲ್ಲಿ 'ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್' ಅನ್ನೋ ಸೆಟಿಂಗ್ ಆಫ್ ಮಾಡೋದು ಮರೀಬೇಡಿ, ಇಲ್ಲಾಂದ್ರೆ ಪ್ರತಿ ಫ್ರೇಮಿಗೂ ಇನ್ನೊಂದು ಆರು ಸೆಕೆಂಡ್ ದಂಡ.

ಬ್ಯಾಟರಿ ಹಾಕಿದ ಮೇಲೂ ಬಳೆಗಳು ಪೂರ್ತಿ ಹೋಗ್ಲಿಲ್ಲ, ಮಸುಕಾಗಿ ಉಳ್ಕೊಂಡ್ವು. ಇಲ್ಲೇ ಎಲ್ಲರೂ "ಸಾಕು ಬಿಡು" ಅಂದಿದ್ದು. ಕ್ಯಾಮೆರಾ ಓಡೋ ಸ್ಪೀಡ್ ಬದಲಿಸಿ ನೋಡಿದೆ. ಬೆಳಕಿನ ತಪ್ಪಾಗಿದ್ರೆ ಬಳೆಗಳ ಅಂತರ ಬದಲಾಗ್ಬೇಕು, ರೈಲಿನ ತಪ್ಪಾಗಿದ್ರೆ ಅವು ಅಲ್ಲೇ ಇರ್ಬೇಕು. ಅಲ್ಲೇ ಇದ್ವು. ಕ್ಯಾಮೆರಾ ಎಳೆಯೋ ಸ್ಟೆಪ್ಪರ್ ಮೋಟರು (ಹೆಜ್ಜೆ ಹೆಜ್ಜೆಯಾಗಿ ತಿರುಗೋ ಥರದ್ದು) ನಿಧಾನಕ್ಕೆ ತಿರುಗೋವಾಗ ಒಂದೊಂದು ಸ್ಟೆಪ್ಪಿಗೂ ಕ್ಯಾಮೆರಾನ ಜರ್ಕ್ ಮಾಡ್ತಿತ್ತು. ಎಸ್.ಪಿ. ರೋಡಿಂದ ದೊಡ್ಡ ಪುಲ್ಲಿ ತಂದು ಮೂರಕ್ಕೊಂದು ರಿಡಕ್ಷನ್ (ಮೋಟರ್ ಮೂರು ಸುತ್ತಿಗೆ ಪುಲ್ಲಿ ಒಂದು ಸುತ್ತು) ಹಾಕಿ, ಮೋಟರ್ ನಡೆಸೋ ಡ್ರೈವರ್ ಬೋರ್ಡನ್ನೂ ಸದ್ದಿಲ್ಲದ ಥರದ್ದಕ್ಕೆ ಬದಲಿಸಿದೆ, ಎರಡಕ್ಕೂ ಸೇರಿ ಎಂಟುನೂರು ಇರ್ಬೇಕು. ಅವತ್ತು ರಾತ್ರಿ ತೆಗೆದ ಫ್ರೇಮಲ್ಲಿ ಸುರಂಗದ ಗೋಡೆ ಎಣ್ಣೆ ಹಚ್ಚಿದ ಹಾಗೆ ನುಣ್ಣಗಿತ್ತು. ರಾತ್ರಿ ಹನ್ನೊಂದಾದ ಮೇಲೇ ತೆಗೀರಿ, ಹೊರಗೆ ಬಸ್ಸು ಹೋದ್ರೂ ಅಲುಗತ್ತೆ.

ಕ್ಯಾಮೆರಾ ಒಂದೇ ಸ್ಪೀಡಲ್ಲಿ ಬಂದ್ರೆ ಮಧ್ಯ ಸುಟ್ಟೋಗತ್ತೆ, ಅಂಚು ಕಪ್ಪಾಗತ್ತೆ. ದೂರ ಇದ್ದಾಗ ಜೋರಾಗಿ, ಹತ್ರ ಬಂದಂಗೆಲ್ಲ ನಿಧಾನಕ್ಕೆ ಬರ್ಬೇಕು, ಸ್ಪೀಡು ಯಾವಾಗಲೂ ಉಳಿದಿರೋ ದೂರಕ್ಕೆ ತಕ್ಕಷ್ಟು. ಮೋಟರ್ ನಡೆಸೋ ಪುಟ್ಟ ಸರ್ಕ್ಯೂಟ್ ಬೋರ್ಡು ಆರ್ಡುಯಿನೋದಲ್ಲಿ ಸ್ಪೀಡಿನ ಒಂದು ಟೇಬಲ್ ಬರೆದಿಟ್ರೆ ಸಾಕು. ಕೊನೇ ನಾಲ್ಕೈದು ಇಂಚಲ್ಲಿ ನಾನು ಆ ಲೆಕ್ಕ ಬಿಟ್ಟು ಬೇರೆ ಒಂದು ವಕ್ರರೇಖೆ ಹಾಕಿದೀನಿ, ಸುರಂಗ ಮೈಮೇಲೆ ಬರೋ ಹಾಗೆ ಅನ್ಸೋದು ಅದರಿಂದಾನೇ. ನಂಬರ್ ಕೊಡಲ್ಲ, ನೀವೇ ಆಡಿ ನೋಡಿ, ಸಿಗತ್ತೆ.

ಸ್ಲಿಟ್ ಹಿಂದಿನ ಚಿತ್ರ ಪ್ರಿಂಟ್ ಮಾಡಿರೋದು ಬ್ಯಾಕ್‌ಲಿಟ್ ಫಿಲ್ಮಲ್ಲಿ (ಹಿಂದಿಂದ ಬೆಳಕು ಬಿಟ್ರೆ ಹೊಳೆಯೋ ಪ್ರಿಂಟ್ ಹಾಳೆ), ಎರಡು ಪಿವಿಸಿ ಪೈಪಿನ ಮಧ್ಯೆ ಸುತ್ತಿರತ್ತೆ, ಎಕ್ಸ್‌ಪೋಶರ್ ನಡೀತಿರೋವಾಗಲೇ ಇನ್ನೊಂದು ಮೋಟರ್ ಅದನ್ನ ಎಳೀತಿರತ್ತೆ. ಪ್ರತಿ ಫ್ರೇಮಿಗೂ ಶುರುವಾಗೋ ಜಾಗ ಸ್ವಲ್ಪ ಸ್ವಲ್ಪ ಮುಂದೆ. ಫಿಲ್ಮ್ ಪೈಪ್ ಮೇಲೆ ಜಾರಿ ಜಾರಿ ಒಂದಿಡೀ ಟೇಕ್ ನಡುಗಿಹೋಯ್ತು, ಪೈಪಿಗೆ ಸ್ಯಾಂಡ್‌ಪೇಪರ್ ಸುತ್ತಿದ ಮೇಲೆ ನಿಂತ್ಕೊಂತು. ಫಿಲ್ಮ್ ವಾಪಸ್ ಬರೋವಾಗ ಬೇಕಾದ್ದಕ್ಕಿಂತ ಒಂದಿಂಚು ಹಿಂದೆ ಹೋಗಿ ಮತ್ತೆ ಮುಂದೆ ಬಂದು ನಿಲ್ಲೋ ಹಾಗೆ ಮಾಡಿ, ಸಡಿಲ ಎಲ್ಲ ಒಂದೇ ಕಡೆ ಹೋಗತ್ತೆ. ಚಿತ್ರ ಕಪ್ಪು ಜಾಸ್ತಿ ಬಣ್ಣ ಕಮ್ಮಿ ಇರ್ಲಿ, ನನ್ನ ಮೊದಮೊದಲ ಪ್ರಿಂಟು ಬಣ್ಣ ತುಂಬಿ ಬರೀ ಮಂಜಾಗಿ ಬಂತು. ಒಂದೊಂದು ಪ್ರಿಂಟಿಗೂ ಮುನ್ನೂರರ ಆಸುಪಾಸು, ಐದಾರು ಸಲ ಹಾಕಿಸಿದೀನಿ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. 2013ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಯೂನಿವರ್ಸಿಟಿ ಫಿಸಿಕ್ಸ್ ಹುಡುಗರು ಲೆಕ್ಕ ಹಾಕಿದ್ರು, ಬೆಳಕಿನ ವೇಗದ ಹತ್ತಿರ ಹೋದ್ರೆ ನಕ್ಷತ್ರದ ಗೆರೆ ಗಿರೆ ಏನೂ ಕಾಣಲ್ಲ, ಅವುಗಳ ಬೆಳಕು ಎಕ್ಸ್‌ರೇ ಆಗಿಬಿಡತ್ತೆ, ಬಿಗ್ ಬ್ಯಾಂಗಿಂದ ಉಳಿದಿರೋ ಮೈಕ್ರೋವೇವ್ ವಿಕಿರಣವೇ ಕಣ್ಣಿಗೆ ಕಾಣೋ ಬೆಳಕಾಗಿ ಎದುರಿಗೆ ಒಂದು ಮಸುಕು ತಟ್ಟೆ ಥರ ಹೊಳೆಯತ್ತೆ ಅಂತ. ಚಿಕ್ಕ ಉಂಗುರದ ಮಧ್ಯೆ ಸಣ್ಣ ತೂತು ಬಿಟ್ಟು ಹಿಂದೆ ಎರಡು ಪದರ ಬಟರ್ ಪೇಪರ್ ಹಾಕಿದೆ, ಉಳಿದಿದ್ದ ಕಪ್ಪು ತುದಿ ಮುಚ್ಚಿ ಅಲ್ಲಿ ಮಬ್ಬು ಬೆಳಕು ಬಂತು. ಡೈರೆಕ್ಟರ್ ಮೊದಲು ಒಪ್ಲಿಲ್ಲ, ಪಕ್ಕ ಪಕ್ಕ ಹಾಕಿ ತೋರಿಸಿದ ಮೇಲೆ ಅದನ್ನೇ ಇಟ್ಕೊಂಡ್ರು. ಸುರಂಗಕ್ಕೆ ಎಲ್ಲಿಗೋ ಹೋಗ್ತಿದೆ ಅನ್ನೋ ಕಳೆ ಬಂದಿದ್ದು ಆ ಬೆಳಕಿಂದ.

ಒಟ್ಟು ಖರ್ಚು ಹತ್ತು ಹನ್ನೊಂದು ಸಾವಿರ, ಕ್ಯಾಮೆರಾ ಬಿಟ್ಟು. ಹೊರಗೆ ಗ್ರಾಫಿಕ್ಸಿಗೆ ಕೇಳಿದ್ದಕ್ಕೆ ಮೂವತ್ತು ಸಾವಿರ ಹೇಳಿದ್ರು, ಅದೂ ಒಂದೇ ಸಲ ತಿದ್ದಿ ಕೊಡೋ ಮಾತು. ನನ್ನ ರಿಗ್ಗಲ್ಲಿ ಫ್ರೇಮಿಗೆ ಹದಿನೈದು ಸೆಕೆಂಡ್ ಅಂದ್ಕೊಂಡ್ರೂ ಪೂರ್ತಿ ಶಾಟ್ ಮುಕ್ಕಾಲು ಗಂಟೆ ಒಳಗೆ ಮುಗಿಯತ್ತೆ, ಬಣ್ಣ ಇಷ್ಟ ಆಗ್ಲಿಲ್ಲ ಅಂದ್ರೆ ಫಿಲ್ಮ್ ಬದಲಿಸಿ ಅದೇ ರಾತ್ರಿ ಇನ್ನೊಂದು ಟೇಕ್. ಕ್ಯಾಮೆರಾಗೆ ಡಮ್ಮಿ ಬ್ಯಾಟರಿ (ಬ್ಯಾಟರಿ ಜಾಗದಲ್ಲಿ ಕೂತು ಹೊರಗಿಂದ ಕರೆಂಟ್ ಕೊಡೋದು) ಹಾಕ್ಕೊಳಿ, ನೂರಿಪ್ಪತ್ತನೇ ಫ್ರೇಮಿಗೆ ಚಾರ್ಜ್ ಮುಗಿದ್ರೆ ಬ್ಯಾಟರಿ ತೆಗೆಯೋವಾಗ ಕ್ಯಾಮೆರಾ ಅಲುಗಿ ಮೊದಲಿಂದ ಶುರು ಮಾಡ್ಬೇಕಾಗತ್ತೆ. ಮುಂದಿನದು ಹಡಗು ಗುಳ್ಳೆಯಿಂದ ಹೊರಗೆ ಬರೋ ಶಾಟು, ಅದಕ್ಕೆ ಉಂಗುರದ ಬದಲು ಆರು ಮೂಲೆ ಸ್ಲಿಟ್ ಕಟ್ ಮಾಡಿಸಿ ಇಟ್ಟಿದೀನಿ, ಮೂಲೆಗಳಲ್ಲಿ ಬೆಳಕು ಜಾಸ್ತಿ ಆಗೋದನ್ನ ಇನ್ನೂ ಹಿಡೀಬೇಕು.