ಮಿಲಿಟರಿಯ ಆರೋಗ್ಯ ಕೆಲಸದಿಂದ ಪುಣೆಯ ಸಿವಿಲ್ ನೌಕರಿಗೆ: ನನ್ನ ಅನುಭವ

ಸೈನಿಕ ನೆಲೆಯ ಆರೋಗ್ಯ, ಶುಚಿತ್ವ ನೋಡಿಕೊಳ್ಳುವ ಸ್ಟೇಷನ್ ಹೆಲ್ತ್ ಆರ್ಗನೈಜೇಶನ್‌ನಲ್ಲಿ ನೀರು, ಮೆಸ್ಸು, ಸೊಳ್ಳೆ ಈ ಮೂರನ್ನೂ ನೋಡಿಕೊಂಡವರಿಗೆ ಪುಣೆಯಲ್ಲಿ ಕೆಲಸಕ್ಕೆ ಬರವಿಲ್ಲ. ಚಾಕಣ, ಭೋಸರಿಯ ಕಾರ್ಖಾನೆ ಕ್ಯಾಂಟೀನು, ಆಸ್ಪತ್ರೆ, ಟ್ಯಾಂಕರ್ ನೀರನ್ನೇ ನಂಬಿರುವ ಹೌಸಿಂಗ್ ಸೊಸೈಟಿ, ನಮ್ಮ ಕರಾವಳಿ ಶೆಟ್ಟರ ಹೋಟೆಲು, ಎಲ್ಲರಿಗೂ ಈ ಕೆಲಸ ಬಲ್ಲವರು ಬೇಕು. ಆದರೆ ಕಂಟೋನ್ಮೆಂಟಿನಲ್ಲಿ ನಮ್ಮ ಮಾತಿಗೆ ಬಲ ಬರುತ್ತಿದ್ದದ್ದು ಸ್ಟೇಷನ್ ಕಮಾಂಡರರ ಆದೇಶದಿಂದ. ಹೊರಗೆ ಆ ಬಲ ಬರುವುದು ಕಾನೂನಿನ ನಿಯಮದಿಂದ, ಅಳತೆ ಬರೆದಿಟ್ಟ ರಿಜಿಸ್ಟರಿನಿಂದ. ನಾನು ಮಾಡಿಕೊಂಡ ತಯಾರಿಯೆಲ್ಲ ಈ ಒಂದು ವ್ಯತ್ಯಾಸದ ಸುತ್ತಲೇ ಇತ್ತು.

ಮೊದಲು ಕಾಗದಪತ್ರ. ಡಿಸ್ಚಾರ್ಜ್ ಬುಕ್ಕಿನಲ್ಲಿ ಟ್ರೇಡಿನ ಹೆಸರು, ಮಾಡಿದ ಕೋರ್ಸು, ತಾರೀಖು ಸರಿಯಾಗಿವೆಯೇ ಎಂದು ಯೂನಿಟ್ ಬಿಡುವ ಮುಂಚೆಯೇ ನೋಡಿಕೊಳ್ಳಿ. ನಿವೃತ್ತರಾಗುವ ಸೈನಿಕರಿಗೆ ಹೊರಗಿನ ಕೆಲಸದ ತರಬೇತಿ ಕೊಡಿಸುವ ಡಿಜಿಆರ್ (ಪುನರ್ವಸತಿ ಮಹಾನಿರ್ದೇಶನಾಲಯ) ಕೋರ್ಸಿಗೂ ಸೇವೆಯಲ್ಲಿದ್ದಾಗಲೇ ಅರ್ಜಿ ಹಾಕಬೇಕು. 15 ವರ್ಷ ಸೇವೆ ಮಾಡಿದ ಮೆಟ್ರಿಕ್ ಪಾಸಾದವರನ್ನು ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರರ ಸಮಾನವೆಂದು ಪರಿಗಣಿಸುತ್ತಾರೆ. ಆದರೆ ತಾಂತ್ರಿಕ ವಿದ್ಯಾರ್ಹತೆ ಕಡ್ಡಾಯವಿರುವಲ್ಲಿ ಅದು ನಡೆಯದು, ಸ್ವಂತ ವ್ಯವಹಾರದ ಲೈಸೆನ್ಸಿಗಂತೂ ಇಲ್ಲವೇ ಇಲ್ಲ. ಬಹಳ ಜನ ಎಡವುವುದು ಇಲ್ಲಿಯೇ. ವರ್ಷಗಟ್ಟಲೆ ಫಾಗಿಂಗ್ ಮಾಡಿಸಿದವರು ಸ್ವಂತ ಪೆಸ್ಟ್ ಕಂಟ್ರೋಲ್ ಶುರುಮಾಡಲು ಹೊರಡುತ್ತಾರೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಅದಕ್ಕೆ ಕೃಷಿ ಪದವಿ ಅಥವಾ ರಸಾಯನಶಾಸ್ತ್ರ ಓದಿದ ವಿಜ್ಞಾನ ಪದವಿ ಬೇಕು. ಅದರ ಮೇಲೆ ಮೈಸೂರಿನ ಸಿಎಫ್‌ಟಿಆರ್‌ಐಯಂಥ ಸಂಸ್ಥೆಯಲ್ಲಿ ಕನಿಷ್ಠ 15 ದಿನದ ತರಬೇತಿಯೂ ಆಗಿರಬೇಕು. ಪದವಿ ಇಲ್ಲದಿದ್ದರೆ ಲೈಸೆನ್ಸ್ ಇರುವ ಕಂಪನಿಯಲ್ಲಿ ಸೂಪರ್‌ವೈಸರ್ ಆಗುವುದೇ ದಾರಿ.

ಬಯೋಡೇಟಾದಲ್ಲಿ ಹುದ್ದೆಗಿಂತ ಕೆಲಸವನ್ನು ಬರೆಯಿರಿ. ಮೆಸ್ ತಪಾಸಣೆ ಎಂದರೆ ಹೊರಗಿನವರಿಗೆ ಅರ್ಥವಾಗದು, ಎಫ್‌ಎಸ್‌ಎಸ್‌ಎಐ ಶೆಡ್ಯೂಲ್ 4ರ ತಪಾಸಣೆ ಎಂದರೆ ಆಗುತ್ತದೆ. ಅದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ಅಡುಗೆಮನೆ ಶುಚಿತ್ವದ ನಿಯಮಗಳ ಪಟ್ಟಿ. ಅಡುಗೆಯವರ ಮೆಡಿಕಲ್ ಎಂಬುದು ಅದೇ ಶೆಡ್ಯೂಲಿನ ವಾರ್ಷಿಕ ಫಿಟ್ನೆಸ್ ಸರ್ಟಿಫಿಕೇಟು. ಆದರೆ ಯೂನಿಟ್ಟಿನ ರಿಜಿಸ್ಟರು, ರೋಗಗಳ ವರದಿ, ನೀರಿನ ಮೂಲದ ನಕ್ಷೆ ಯಾವುದರ ನಕಲನ್ನೂ ಹೊರಗೆ ತರಬೇಡಿ. ಕೆಲಸದ ವಿಧಾನ ಬರೆದರೆ ಸಾಕು.

ಸೊಸೈಟಿಗಳಲ್ಲಿ ನೀರಿಗೆ ಎಷ್ಟು ಬ್ಲೀಚಿಂಗ್ ಪುಡಿ ಬೇಕೆಂದು ಅಳೆಯುವ ನಮ್ಮ ಹಳೆಯ ಹಾರಕ್ಸ್ ಪೆಟ್ಟಿಗೆಯೇ ಸಾಕಷ್ಟು ಕೆಲಸ ಮಾಡುತ್ತದೆ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಆಸುಪಾಸಿನಲ್ಲಿ ನರಗಳನ್ನು ದುರ್ಬಲಗೊಳಿಸುವ ಗಿಲನ್ ಬಾರೆ ಕಾಯಿಲೆ ಹೆಚ್ಚಿ ನೀರಿನ ಮೇಲೆ ಶಂಕೆ ಬಂದದ್ದರಿಂದ, ಕ್ಲೋರಿನ್ ಎಷ್ಟಿದೆ ಎಂದು ಕೇಳುವವರು ಈಗ ಸಿಗುತ್ತಾರೆ. ಪೆಟ್ಟಿಗೆಯ ಕಪ್ಪು ಬಟ್ಟಲಿನಲ್ಲಿ ಅದರದೇ ಚಮಚದಿಂದ ಮಟ್ಟಸವಾಗಿ ಒಂದು ಚಮಚ, ಅಂದರೆ 2 ಗ್ರಾಂ ಬ್ಲೀಚಿಂಗ್ ಪುಡಿ ಹಾಕಿ ಕಲಸಿ, ಗುರುತಿನವರೆಗೆ ನೀರು ತುಂಬಿ, ತಿಳಿಯಾಗಲು ಬಿಡಿ. ಆರು ಬಿಳಿ ಬಟ್ಟಲುಗಳಲ್ಲಿ ಟ್ಯಾಂಕರಿನದೇ ನೀರು ತುಂಬಿ, ಮೊದಲನೆಯದಕ್ಕೆ ಆ ತಿಳಿಯ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರರವರೆಗೆ ಹಾಕಿ ಕಲಕಿ. ಅರ್ಧ ಗಂಟೆ ಕಳೆದ ಮೇಲೆ ಪ್ರತಿ ಬಟ್ಟಲಿಗೂ ಕ್ಲೋರಿನ್ ಉಳಿದಿದ್ದರೆ ನೀಲಿಯಾಗುವ ಸ್ಟಾರ್ಚ್ ಅಯೊಡೈಡಿನ ಮೂರು ಹನಿ. ಮೊದಲು ಸ್ಪಷ್ಟವಾಗಿ ನೀಲಿಯಾದ ಬಟ್ಟಲು ಮೂರನೆಯದಾದರೆ 455 ಲೀಟರಿಗೆ ಮೂರು ಚಮಚ, 6 ಗ್ರಾಂ. ಆ ಲೆಕ್ಕದಲ್ಲಿ 10,000 ಲೀಟರ್ ಟ್ಯಾಂಕರಿಗೆ ಸುಮಾರು 132 ಗ್ರಾಂ. ಪರೀಕ್ಷೆಗೆ ಬಳಸಿದ ಚೀಲದ ಪುಡಿಯನ್ನೇ ಟ್ಯಾಂಕಿಗೂ ಹಾಕಬೇಕು. ಚೀಲ ತೆರೆದಿಟ್ಟರೆ ಪುಡಿಯ ಕಸುವು ಇಳಿಯುವುದರಿಂದ, ಬೇರೆ ಚೀಲವಾದರೆ ಲೆಕ್ಕ ತಪ್ಪುತ್ತದೆ.

ಪುಡಿಯನ್ನು ನೇರವಾಗಿ ಸುರಿಯಬಾರದು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳ ಸೇರಿದ ಮೇಲೆ ತಿಳಿಯನ್ನಷ್ಟೇ ಸುರಿದರೆ ಪೈಪು, ವಾಲ್ವು ಕಟ್ಟಿಕೊಳ್ಳುವುದಿಲ್ಲ. ಆರು ಬಟ್ಟಲುಗಳಲ್ಲಿ ಒಂದೂ ನೀಲಿಯಾಗದಿದ್ದರೆ ಸುಮ್ಮನೆ ಪುಡಿ ಹೆಚ್ಚಿಸಬೇಡಿ. ನೀರು ರಾಡಿಯಾಗಿದೆ ಅಥವಾ ಪುಡಿ ಸತ್ತಿದೆ ಎಂದರ್ಥ. ರಾಡಿ ಇಳಿಸಿ, ಹೊಸ ಪುಡಿ ತಂದು, ಮತ್ತೆ ಪರೀಕ್ಷಿಸಿ. ಕೊನೆಯ ಮನೆಯ ನಲ್ಲಿಯಲ್ಲಿ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಲೀಟರಿಗೆ ಉಳಿದಿರಬೇಕೆಂದು ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಹೇಳುತ್ತದೆ. ಅದನ್ನು ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣ ತೋರಿಸುವ ಡಿಪಿಡಿ ಮಾತ್ರೆಯಿಂದಲೇ ನೋಡಿ. ಹಳದಿ ಬಣ್ಣ ತೋರಿಸುವ ಹಳೆಯ ಓಟಿ (ಆರ್ಥೊಟಾಲಿಡಿನ್) ದ್ರಾವಣದಲ್ಲಿ ತಡವಾಗಿ ನೋಡಿದರೆ ಬೇರೆ ವಸ್ತುಗಳೊಂದಿಗೆ ಕೂಡಿ ಕಸುವು ಕುಗ್ಗಿದ ಸಂಯುಕ್ತ ಕ್ಲೋರಿನ್ನೂ ಸೇರಿ ನೀರು ಚೆನ್ನಾಗಿದೆಯೆಂಬ ಭ್ರಮೆ ಹುಟ್ಟುತ್ತದೆ.

ಹೋಟೆಲುಗಳಲ್ಲಿ ಕನ್ನಡ ದೊಡ್ಡ ಅನುಕೂಲ. ಮಾಲೀಕರು ಉಡುಪಿ, ಕುಂದಾಪುರದ ಕಡೆಯವರಾಗಿದ್ದರೆ ಮಾತು ಬೇಗ ಮುಟ್ಟುತ್ತದೆ. ಅಲ್ಲಿ ನಾನು ಮೊದಲು ನೋಡುವುದು ಚಟ್ನಿ ರುಬ್ಬುವ ಜಾಗದ ನಲ್ಲಿ. ಸಾಂಬಾರಿನ ನೀರು ಕುದಿಯುತ್ತದೆ, ಚಟ್ನಿಗೆ ಬಿದ್ದ ನೀರು ಹಸಿಯಾಗಿಯೇ ತಟ್ಟೆಗೆ ಬರುತ್ತದೆ. ಆಮೇಲೆ ಉಷ್ಣತೆ: ಬಿಸಿ ಪದಾರ್ಥ 60 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲೆ, ತಣ್ಣಗಿನದು 5ಕ್ಕಿಂತ ಕೆಳಗೆ. ಥರ್ಮಾಮೀಟರನ್ನು ಕರಗುತ್ತಿರುವ ಮಂಜುಗಡ್ಡೆಯ ನೀರಿನಲ್ಲಿಟ್ಟು ಸೊನ್ನೆ ತೋರಿಸುತ್ತದೆಯೇ ಎಂದು ನೋಡಿಯೇ ಶುರುಮಾಡಿ. ಮಧ್ಯಾಹ್ನ ಮಿಕ್ಕ ಅನ್ನವನ್ನು ದೊಡ್ಡ ಪಾತ್ರೆಯಲ್ಲೇ ಬಿಟ್ಟರೆ ನಡುಭಾಗ ಆರದೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಮತ್ತೆ ಬಿಸಿಮಾಡಿದರೂ ಅದರ ವಿಷ ಹೋಗದು. ಅಗಲ ತಟ್ಟೆಗಳಲ್ಲಿ ತೆಳುವಾಗಿ ಹರಡಿ ಆರಿಸಿ ಫ್ರಿಜ್ಜಿಗಿಡಬೇಕು. ಎಫ್‌ಎಸ್‌ಎಸ್‌ಎಐಯ ಫಾಸ್ಟ್ಯಾಕ್ ಎಂಬ ಆಹಾರ ಸುರಕ್ಷತಾ ತರಬೇತಿ ಪಡೆದ ಮೇಲ್ವಿಚಾರಕರು 25 ಕೆಲಸಗಾರರಿಗೆ ಒಬ್ಬರಂತೆ ಇರಬೇಕೆಂಬುದೂ ನೆನಪಿರಲಿ. ನಿವೃತ್ತರಿಗೆ ಅತಿ ಬೇಗ ಕೈಗೆ ಸಿಗುವ ಸರ್ಟಿಫಿಕೇಟೂ ಅದೇ.

ಆಸ್ಪತ್ರೆಗೆ ಹೋಗುವವರು 2016ರ ಜೈವಿಕ ತ್ಯಾಜ್ಯ ನಿಯಮ ಓದಿಕೊಳ್ಳಿ: ಹಳದಿ, ಕೆಂಪು, ಬಿಳಿ, ನೀಲಿ ಬಣ್ಣಗಳ ವಿಂಗಡಣೆ, ತ್ಯಾಜ್ಯ ಇಟ್ಟುಕೊಳ್ಳಲು 48 ಗಂಟೆಯ ಮಿತಿ, ಜೂನ್ 30ರೊಳಗೆ ಫಾರ್ಮ್ 4ರ ವಾರ್ಷಿಕ ವರದಿ.

ಹೊರಗೆ ಬಂದ ಮೇಲೆ ಕಷ್ಟವೆನಿಸುವುದು ಒಪ್ಪಿಸುವ ಕೆಲಸ. ಕ್ಯಾಂಟೀನ್ ಗುತ್ತಿಗೆದಾರರಿಗೆ ಆದೇಶ ಕೊಡಲು ಬರುವುದಿಲ್ಲ. ಎಲ್ಲರೆದುರು ದೋಷ ಹೇಳಿದರೆ ಮುಂದಿನ ಸಲ ಅಡುಗೆಮನೆಯ ಬಾಗಿಲೇ ಮುಚ್ಚಿರುತ್ತದೆ. ಅಳತೆ, ನಿಯಮ, ಸರಿಪಡಿಸಲು ಆಗುವ ಖರ್ಚು, ಗಡುವು ಈ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡುವುದು ನನ್ನ ಪದ್ಧತಿ. ತಪ್ಪಿಹೋದ ದಿನಗಳ ರೀಡಿಂಗನ್ನು ಆಮೇಲೆ ತುಂಬಿಸಿಕೊಡಿ ಎಂದು ಕೇಳುವವರೂ ಇದ್ದಾರೆ. ಅದಕ್ಕೆ ಎಂದೂ ಒಪ್ಪಬೇಡಿ, ಆ ದಿನದ ಕಾಲಂ ಖಾಲಿಯೇ ಇರಲಿ. ರಿಜಿಸ್ಟರು ಮರಾಠಿಯಲ್ಲಿದ್ದರೆ ಅಲ್ಲಿನ ಸಿಬ್ಬಂದಿ ತಾವೇ ಬರೆಯುತ್ತಾರೆ, ಹಾಗಾಗಿ ಮರಾಠಿ ಬರೆಯಲು ಕಲಿಯಿರಿ. ಕೈ ತೊಳೆಯುವ ಜಾಗದ ಸೂಚನೆಯನ್ನು ಮಾತ್ರ ಅಡುಗೆಯವರ ಭಾಷೆಯಲ್ಲೇ ಹಾಕಿಸಿ.