ಅಣ್ಣನ ಸಾಲಿಗೆ ತಮ್ಮನ ಸ್ವರ: ಕೊನೆಗೂ ಕೂಡಿಬಂತು

ಅವಳಿಗಳ ಸ್ವರ ಒಂದೇ, ಒಬ್ಬನ ಜಾಗದಲ್ಲಿ ಇನ್ನೊಬ್ಬನನ್ನು ಕೂರಿಸಿದರೆ ಮುಗೀತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆಗುವುದೇ ಇಲ್ಲ ಅನ್ನುವವರನ್ನೂ ನಂಬಬೇಡಿ. ಮಂಗಳೂರಿನ ಬಿಜೈಯಲ್ಲಿರುವ ನನ್ನ ಸಣ್ಣ ಸ್ಟುಡಿಯೋದಲ್ಲಿ ನಾನು ಮಾಡಿದ್ದೇನೆ.

ಮಕ್ಕಳ ಕಥೆಗಳ ಆಡಿಯೋ, ಹೆಚ್ಚುಕಮ್ಮಿ ನಾಲ್ಕು ಗಂಟೆಯದ್ದು. ಓದಿದವನು ದುಬೈಗೆ ಹಾರಿದ ಮೇಲೆ ಪ್ರಕಾಶಕರು ಇಪ್ಪತ್ತು ಮೂವತ್ತು ಸಾಲು ಬದಲಾಯಿಸಿದರು. ಅಲ್ಲಿಂದ ಅವನು ಫೋನಿನಲ್ಲಿ ಹೇಳಿ ಕಳಿಸಿದ್ದರ ತುಂಬಾ ಎಸಿಯ ಗುಂಯ್ ಸದ್ದು. ಪೂರ್ತಿ ಬೇರೆಯವರಿಂದ ಓದಿಸಿದರೆ ಇಪ್ಪತ್ತೈದು ಸಾವಿರ ನನ್ನ ಕೈಯಿಂದಲೇ. ಸುರತ್ಕಲ್‌ನಲ್ಲಿ ಅವನ ಅವಳಿ ತಮ್ಮ ಇದ್ದ. ಅಣ್ಣನ ಒಪ್ಪಿಗೆಯನ್ನು ವಾಟ್ಸಾಪ್‌ನಲ್ಲಿ ತರಿಸಿಕೊಂಡು ತಮ್ಮನನ್ನು ಕರೆಸಿದೆ.

ಸ್ವರ ಅಳೆಯುವ ಪ್ರಾಟ್ ಸಾಫ್ಟ್‌ವೇರ್‌ನಲ್ಲಿ ಇಬ್ಬರದ್ದೂ ಹಾಕಿ ನೋಡಿದಾಗ ಖುಷಿಯೋ ಖುಷಿ. ಪಿಚ್ ಇಬ್ಬರದ್ದೂ 120 ಹರ್ಟ್ಸ್ ಆಸುಪಾಸು, ಎಳೆದು ಹೇಳಿದ 'ಆ' ಸ್ವರದ ಫಾರ್ಮಂಟ್‌ಗಳೂ (ಗಂಟಲು, ಬಾಯಿಯ ಆಕಾರದಿಂದ ಗಟ್ಟಿಯಾಗಿ ಕೇಳುವ ಕಂಪನಗಳು) ಒಂದರ ಮೇಲೊಂದು ಕೂರುತ್ತಿದ್ದವು. ಗಂಟಲು, ಬಾಯಿಯ ಅಳತೆ ಒಂದೇ ಥರ ಇದ್ದರೆ ಅಷ್ಟು ಬಂದೇ ಬರುತ್ತದೆ. ಆದರೆ ಸಾಲಿನೊಳಗೆ ಸೇರಿಸಿದರೆ ತೇಪೆ ಎದ್ದು ಕೇಳುತ್ತಿತ್ತು. "ಇದು ಆಗುವ ಹೋಗುವ ಕೆಲಸ ಅಲ್ಲ ಮಾರಾಯ" ಎಂದು ಮಿಕ್ಸಿಂಗ್ ಮಾಡುವ ಗೆಳೆಯ ನಕ್ಕ. ಸ್ವರದ ದಪ್ಪ-ತೆಳು ಹೊಂದಿಸುವ ಈಕ್ಯೂ ತಿರುಗಿಸಿದೆ, ಪಿಚ್ ಎಳೆದೆ, ಎಂಟೋ ಒಂಬತ್ತೋ ಸಾವಿರ ಸುರಿದು ಸ್ವರ ತಿದ್ದುವ ಪ್ಲಗಿನ್ ತಗೊಂಡೆ. ತಮ್ಮನ ಸ್ವರ ಡಬ್ಬದೊಳಗಿಂದ ಬಂದ ಹಾಗಾಯಿತು, ಅಷ್ಟೇ.

ವ್ಯತ್ಯಾಸ ಪೂರ್ತಿ ಮಾತಿನ ಅಭ್ಯಾಸದ್ದು. ತಮ್ಮ ವರ್ಷಗಟ್ಟಲೆ ಬೆಂಗಳೂರಿನಲ್ಲಿ ಇದ್ದವನು, 'ಹೋಗಿದ್ದಾನೆ' ಅನ್ನುವಾಗ ಕೊನೆಯ 'ನೆ' ನುಂಗುತ್ತಾನೆ. ಅಣ್ಣ ನಮ್ಮ ಊರಿನವರ ಹಾಗೆ ಬಿಡಿಸಿ ಹೇಳಿ, ಕೊನೆಗೆ ಸ್ವಲ್ಪ ಎತ್ತುತ್ತಾನೆ. ಅವನ 'ಸ' ಜಾಸ್ತಿ ಚೂಪು. ವಾಕ್ಯದ ನಡುವೆ ಅವನು ಉಸಿರು ಎಳೆಯುವುದೇ ಇಲ್ಲ.

ಹಾಗಾಗಿ ತಮ್ಮನ ಕೈಯಿಂದ ಹಾಳೆ ಕಿತ್ತುಕೊಂಡೆ. ಹೊಸ ಸಾಲನ್ನು ಬಾಯಿಪಾಠ ಮಾಡಿಸಿದೆ. ಒಂದೇ ಕಿವಿಗೆ ಹೆಡ್‌ಫೋನ್, ಅದರಲ್ಲಿ ಅಣ್ಣನ ಹಿಂದಿನ ಎರಡು ಸಾಲು, ಅದರ ಜೊತೆಗೇ ಇವನೂ ಹೇಳುತ್ತಾ ಹೋಗಿ ನಿಲ್ಲಿಸದೆ ಹೊಸ ಸಾಲಿಗೆ ನುಗ್ಗಬೇಕು. ಆ ತುಂಡು ಮಾತ್ರ ಕತ್ತರಿಸಿಕೊಂಡೆ. ಅಣ್ಣ ಓದಿದ್ದೂ ಬೆಳಗ್ಗೆಯೇ, ಹಾಗಾಗಿ ಇವನನ್ನೂ ಗಂಟಲು ಇನ್ನೂ ದಪ್ಪ ಇರುವಾಗಲೇ ಕೂರಿಸಿದೆ. ಶೀಟಿನ ಮಾಡಿನ ಮೇಲೆ ಜುಲೈ ಮಳೆ ಬೇರೆ, ಬಿಡುವು ಕೊಟ್ಟಾಗ ರೆಕಾರ್ಡಿಂಗ್. ಕೋಣೆಯ ಸದ್ದು ಹೇಗೆ ಕೂಡಿಸಿದೆ ಅಂತ ಕೇಳಬೇಡಿ, ಹೊಟ್ಟೆಪಾಡು.

ನಡುವೆ ಸುಮ್ನೆ ಅವರ ಅಮ್ಮನಿಗೆ ಇಬ್ಬರ 'ಆ' ಕೇಳಿಸಿದೆ. ಅವರಿಗೂ ಗೊತ್ತಾಗಲಿಲ್ಲ. ನಗು ಕೇಳಿಸಿದ ತಕ್ಷಣ "ಇದು ದೊಡ್ಡವನು" ಅಂದರು. ಮೆಷಿನ್‌ಗಳ ಕಥೆ ಬಿಡಿ, 2017ರಲ್ಲಿ ಬಿಬಿಸಿ ವರದಿಗಾರನೊಬ್ಬನ ಅವಳಿ ಸೋದರ ಸ್ವರದಿಂದ ಗುರುತು ಹಿಡಿಯುವ ಬ್ಯಾಂಕಿನ ವಾಯ್ಸ್ ಐಡಿಯನ್ನೇ ದಾಟಿದ್ದ, ಅವರು ತದ್ರೂಪಿ ಅವಳಿಗಳೂ ಅಲ್ಲ.

ಕೊನೆಗೆ ಅದೇ ಗೆಳೆಯನಿಗೆ ತೇಪೆ ಹುಡುಕು ಅಂದೆ. ಅವನು ಗುರುತು ಹಾಕಿದ್ದರಲ್ಲಿ ಹೆಚ್ಚಿನವು ಅಣ್ಣನ ಸ್ವಂತ ಸಾಲುಗಳು! ತಮ್ಮನಿಗೆ ನಾಲ್ಕು ಸಾವಿರ ಕೊಟ್ಟೆ. ರಾಕ್ಷಸ ಕಿರುಚುವ ಸಾಲು ಮಾತ್ರ ಏನು ಮಾಡಿದರೂ ಕೂರಲಿಲ್ಲ, ಗಂಟಲು ಹರಿಯುವಾಗ ಇಬ್ಬರೂ ಬೇರೆಯೇ. ಅಲ್ಲಿ ಹಳೆಯದೇ ಇರಲಿ ಅಂತ ಪ್ರಕಾಶಕರನ್ನು ಒಪ್ಪಿಸಿದೆ.