ಟ್ರಾನ್ಸ್ ಹಿರಿಯರನ್ನು ನೋಡಿಕೊಳ್ಳುವುದು ಹೇಗೆ?

ಬೆಂಗಳೂರಿನ ಹಮಾಮುಗಳಲ್ಲಿ (ಹಿಜ್ರಾ ಸಮುದಾಯದವರು ನಡೆಸುವ ಸ್ನಾನದ ಮನೆಗಳು) ಬದುಕು ಕಳೆದ ಎಷ್ಟೋ ಟ್ರಾನ್ಸ್ ಮಹಿಳೆಯರಿಗೆ, ಅಂದರೆ ಗಂಡು ಮಗು ಎನಿಸಿಕೊಂಡು ಹುಟ್ಟಿ ಹೆಣ್ಣಾಗಿ ಬದುಕುವವರಿಗೆ, ಈಗ ವಯಸ್ಸಾಗಿದೆ. ಹುಟ್ಟಿದ ಮನೆಯ ಸಂಪರ್ಕ ಯಾವಾಗಲೋ ಕಡಿದುಹೋಗಿರುತ್ತದೆ, ಅನ್ನ ನೀರು ನೋಡಿಕೊಳ್ಳುವವರು ಚೇಲಾಗಳು, ಅಂದರೆ ಸಮುದಾಯದಲ್ಲಿ ಅವರನ್ನು ಗುರು ಎಂದು ಒಪ್ಪಿಕೊಂಡ ಶಿಷ್ಯರು. ಅವರ ಕೈಲೂ ಆಗದಿದ್ದಾಗ ವೃದ್ಧಾಶ್ರಮಕ್ಕೆ ಬರುತ್ತಾರೆ, ಇಲ್ಲವೇ ಹೋಮ್ ನರ್ಸ್ ಹುಡುಕುತ್ತಾರೆ. ಆ ಕೆಲಸ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರು ಕೇಳಿ. ಆಧಾರ್‌ನಲ್ಲಿ ಏನೇ ಇರಲಿ, ಅವರು ಹೇಳುವ ಹೆಸರಿನಿಂದಲೇ ಕರೆಯಿರಿ. ಅಮ್ಮ ಅನ್ನಬೇಕಾ, ಅಕ್ಕ ಅನ್ನಬೇಕಾ, ಅಣ್ಣ ಅನ್ನಬೇಕಾ? ಅದನ್ನೂ ಅವರನ್ನೇ ಕೇಳಿ. ಹಳೇ ಹೆಸರು ಫೈಲಿನೊಳಗೆ ಇದ್ದರೆ ಸಾಕು, ವಾರ್ಡಿನಲ್ಲಿ ಕೂಗಬೇಡಿ. ಮಂಚ ಹೆಂಗಸರ ಕಡೆಯೋ ಗಂಡಸರ ಕಡೆಯೋ ಎಂದು ನೀವೇ ತೀರ್ಮಾನಿಸಬೇಡಿ.

ಕಷ್ಟ ಇರುವುದು ಸ್ನಾನದಲ್ಲಿ. ಬಟ್ಟೆ ತೆಗೆಯುವ ಮುಂಚೆ ಒಪ್ಪಿಗೆ ಕೇಳಿ, ಬಾಗಿಲು ಹಾಕಿ, ಆಪರೇಷನ್ ಗುರುತು ಕಂಡರೆ ಸುಮ್ನೆ ಕೆಲಸ ಮುಂದುವರಿಸಿ. ನನಗೆ ಗೊತ್ತಿದ್ದ ಒಬ್ಬ ಅಮ್ಮನಿಗೆ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋಗಿತ್ತು. ಯಾರಾದರೂ ನೋಡಲು ಬಂದರೆ ಸೆರಗಿನಿಂದ ಮುಖ ಮುಚ್ಚಿ ಗೋಡೆ ಕಡೆ ತಿರುಗುತ್ತಿದ್ದರು. ಕಾಯಿಲೆಯಿಂದ ಮಂಕಾಗಿದ್ದಾರೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ನಿಜವಾಗಿ, ನಾಲ್ಕು ದಿನದಿಂದ ಗಡ್ಡ ಬೆಳೆದಿತ್ತು. ಶೇವ್ ಮಾಡಿ, ಕುಂಕುಮ ಇಟ್ಟು, ಕನ್ನಡಿ ಕೊಟ್ಟ ಮೇಲೆ ಅವತ್ತೇ ಕಾಫಿ ಕೇಳಿದರು. ಹಾಗಾಗಿ ಮಾತ್ರೆ ಕೊಡುವ ಚಾರ್ಟಿನಲ್ಲಿ ಶೇವಿಂಗನ್ನೂ ಬರೆದಿಡಿ, ದಿನಾ.

ಡಾಕ್ಟರ ಹತ್ತಿರ ಹೋದಾಗ ದೇಹದಲ್ಲಿ ಯಾವ ಅಂಗ ಇದೆಯೋ ಅದರ ತಪಾಸಣೆ ಆಗಬೇಕು. ನಿರ್ವಾಣ (ಗಂಡಿನ ಜನನಾಂಗ ತೆಗೆಸುವುದು) ಆಗಿದ್ದರೂ ಪ್ರಾಸ್ಟೇಟ್ ಗ್ರಂಥಿ ಒಳಗೇ ಇರುತ್ತದೆ. ಮೂತ್ರ ಕಟ್ಟಿಕೊಳ್ಳುವುದು, ಉರಿ ಬಂದರೆ ತಡ ಮಾಡಬೇಡಿ. ಟ್ರಾನ್ಸ್ ಪುರುಷರಿಗೆ (ಹೆಣ್ಣು ಮಗು ಎನಿಸಿಕೊಂಡು ಹುಟ್ಟಿ ಗಂಡಾಗಿ ಬದುಕುವವರು) ಗರ್ಭಕೋಶ ಇರಬಹುದು, ಅವರಿಗೆ ರಕ್ತಸ್ರಾವ ಆದರೆ ತೋರಿಸಲೇಬೇಕು. ಹಾರ್ಮೋನ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಈಸ್ಟ್ರೋಜನ್ ತೆಗೆದುಕೊಳ್ಳುವವರಲ್ಲಿ ವಯಸ್ಸಾದಂತೆ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ, ಒಂದು ಕಾಲು ಮಾತ್ರ ಊದಿಕೊಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಅಲ್ಲಿ ಯಾರಾದರೂ ನೋಡಲು ಹಿಂಜರಿದರೆ, ಚಿಕಿತ್ಸೆಯಲ್ಲಿ ತಾರತಮ್ಯ ಮಾಡಬಾರದು ಎಂದು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆಯೇ ಹೇಳುತ್ತದೆ ಎಂದು ನೆನಪಿಸಿ.

ಕಾಗದಪತ್ರದ ಕೆಲಸ ಬೇಸರ ತರುತ್ತದೆ, ಆದರೂ ಬಿಡಬೇಡಿ. ಟ್ರಾನ್ಸ್ ಜನರಿಗೆ ರಾಜ್ಯ ಸರ್ಕಾರ ಕೊಡುವ ಮೈತ್ರಿ ಪಿಂಚಣಿ 64 ವರ್ಷದವರೆಗೆ ಮಾತ್ರ. 65 ಆಗುತ್ತಿದ್ದಂತೆ ಹಿರಿಯರ ಪಿಂಚಣಿ ಸಂಧ್ಯಾ ಸುರಕ್ಷಾಗೆ ಅರ್ಜಿ ಹಾಕಿಸಿ. ಏನಾದರೂ ತೊಂದರೆಯಾದರೆ ಹಿರಿಯರ ಸಹಾಯವಾಣಿ 14567 ಇದೆ.

ಪ್ರಜ್ಞೆ ತಪ್ಪಿದಾಗ ಯಾರು ಮಾತಾಡಬೇಕು? ವರ್ಷಗಟ್ಟಲೆ ತಿರುಗಿಯೂ ನೋಡದ ತಮ್ಮನೋ, ಗಂಜಿ ಕುಡಿಸಿದ ಚೇಲಾನೋ? ಹಿರಿಯರಿಗೆ ನೆನಪು ಚೆನ್ನಾಗಿರುವಾಗಲೇ ಲಿವಿಂಗ್ ವಿಲ್ ಮಾಡಿಸಿ, ಅಂದರೆ ತಾವು ಮಾತಾಡಲಾಗದ ಸ್ಥಿತಿಯಲ್ಲಿ ಜೀವ ಉಳಿಸುವ ಚಿಕಿತ್ಸೆ ಬೇಕೇ ಬೇಡವೇ, ತಮ್ಮ ಪರವಾಗಿ ಯಾರು ತೀರ್ಮಾನಿಸಬೇಕು ಎಂದು ಮೊದಲೇ ಬರೆದಿಡುವ ಪತ್ರ. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಒಪ್ಪಿತು, 2023ರಲ್ಲಿ ಸುಲಭ ಮಾಡಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಜೊತೆಗೆ ಇನ್ನೊಂದು ಹಾಳೆಯಲ್ಲಿ, ತೀರಿಕೊಂಡ ಮೇಲೆ ಯಾವ ಸೀರೆ ಉಡಿಸಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ಅವರು ಹೇಳಿದಂತೆಯೇ ಬರೆದು ಸಹಿ ಹಾಕಿಸಿ. ಒಂದು ಪ್ರತಿ ಚೇಲಾ ಕೈಗೆ ಕೊಡಿ.